ದಾದಿಯ ಸೊಂಟದ ಅಳತೆ

ಚಚಡಿಯ ಆ ಮನೆಗೆ ನಾನು ಮೊದಲ ಸಲ ಹೋದಾಗ ಗಾಲಿಕುರ್ಚಿಯ ಮೇಲೆ ಜೋಳದ ಚೀಲ ಕುಳಿತಿತ್ತು. ಆ ಕುರ್ಚಿ ಯಾರಿಗಾಗಿ ಬಂದಿತ್ತೋ ಆ ಹುಡುಗಿ ಪಕ್ಕದಲ್ಲೇ ನೆಲದ ಗಾದಿಯ ಮೇಲೆ ಮಗ್ಗುಲಾಗಿ ಮಲಗಿ ರೇಡಿಯೋ ಕೇಳುತ್ತಿದ್ದಳು. ಶಾಲೆಯ ಮಕ್ಕಳಿಗೆಂದು ಮಧ್ಯಾಹ್ನ ಬರುವ ಪಾಠ ಅದು. ನಾನು ಮಾತಾಡಲು ಬಾಯಿ ತೆರೆದೆ. ಹುಡುಗಿ ಕಣ್ಣಲ್ಲೇ ಗದರಿದಳು. ಪಾಠ ಮುಗಿಯುವವರೆಗೆ ನಾನು, ಅವಳ ತಾಯಿ, ಅಜ್ಜಿ ಮೂವರೂ ಸುಮ್ಮನೆ ಕುಳಿತೆವು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಶಾಲೆಗೆ ಹೋಗಲಾಗದ ಮಕ್ಕಳಿಗೆ ಅವರವರ ಮನೆಗೇ ಹೋಗಿ ಕಲಿಸುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ. ಮನೆ ಬೈಲಹೊಂಗಲದಲ್ಲಿ. ದಿನಕ್ಕೊಂದು ಊರು, ಹೆಚ್ಚಿನವು ಸವದತ್ತಿ ತಾಲೂಕಿನವು, ಎರಡು ರಾಮದುರ್ಗದ ಕಡೆಯವು. ಚಚಡಿಯ ಪಾಳಿ ಬುಧವಾರ. ಮೂರು ತಿಂಗಳ ತರಬೇತಿ, ಚೀಲದಲ್ಲೊಂದು ಚಿತ್ರಗಳಿದ್ದ ಕೈಪಿಡಿ, ಇವಿಷ್ಟೇ ನನ್ನ ಬಂಡವಾಳ.

ಹುಡುಗಿಗೆ ಹನ್ನೆರಡು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕಾಲುಗಳು ಬಿಗಿದಿದ್ದವು; ಎತ್ತಿದರೆ ಕತ್ತರಿಯಂತೆ ಒಂದರ ಮೇಲೊಂದು ಏರುತ್ತಿದ್ದವು. ಮಾತು ನಿಧಾನ, ಆದರೆ ಸ್ಪಷ್ಟ. ತಂದೆ ಟೆಂಪೋ ಓಡಿಸಿ ಬೈಲಹೊಂಗಲದ ಪೇಟೆಗೆ ಮಾಲು ಸಾಗಿಸುತ್ತಿದ್ದರು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಜ್ಜಿಯನ್ನು ಮನೆಯವರೆಲ್ಲ ದಾದಿ ಎನ್ನುತ್ತಿದ್ದರು. ಹುಡುಗಿಯನ್ನು ಎತ್ತುವುದು, ಇಳಿಸುವುದು, ಬಚ್ಚಲಿಗೆ ಒಯ್ಯುವುದು ಆಕೆಯ ಪಾಲಿನ ಕೆಲಸ. ಊರ ಶಾಲೆಯ ಏಳನೆಯ ಇಯತ್ತೆಯ ಹಾಜರಿಯಲ್ಲಿ ಹುಡುಗಿಯ ಹೆಸರಿತ್ತು. ಕಲಿಕೆಯೆಲ್ಲ ಮನೆಯಲ್ಲಿ: ಮಧ್ಯಾಹ್ನ ರೇಡಿಯೋ, ಉಳಿದ ಹೊತ್ತಿನಲ್ಲಿ ಶಾಲೆಯ ಮಾಸ್ತರೊಬ್ಬರು ಪಾಠ ಓದಿ ತುಂಬಿಸಿ ಕಳಿಸುತ್ತಿದ್ದ ಕ್ಯಾಸೆಟ್ಟು.

ಅಂದು ರೇಡಿಯೋದಲ್ಲಿ ಬಂದ ಪಾಠದ ಮೇಲೆ ಆರು ಪ್ರಶ್ನೆ ಕೇಳಿದೆ. ಆರಕ್ಕೂ ಬಾಯಲ್ಲಿ ಉತ್ತರ ಹೇಳಿದಳು. ಬರೆದು ತೋರಿಸುವೆಯಾ ಎಂದೆ.

"ಅಮ್ಮಿ, ಕುಂಡ್ರಸು," ಎಂದಳು.

ತಾಯಿ, ದಾದಿ ಇಬ್ಬರೂ ಸೇರಿ ಅವಳನ್ನು ಗೋಡೆಗೆ ಆನಿಸಿ ಕೂರಿಸಿದರು. ಎರಡೂ ಮಗ್ಗುಲಿಗೆ ತಲೆದಿಂಬು. ಓಢಣಿಯನ್ನು ಎದೆಗೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದರು. ತೊಡೆಯ ಮೇಲೆ ಪಾಟಿ ಇಟ್ಟರು. ಹುಡುಗಿ ಎರಡೂವರೆ ಸಾಲು ಬರೆದಳು. ಅಷ್ಟರಲ್ಲಿ ಕಾಲು ಸೆಟೆದು, ಕುಂಡೆ ಮುಂದೆ ಜಾರಿ, ಎದೆಯ ಮೇಲಿದ್ದ ಓಢಣಿ ಕೊರಳಿಗೆ ಬಂತು. ನಾನು ಹಾರಿ ಹೋಗಿ ಗಂಟು ಬಿಚ್ಚಿದೆ.

"ದಿನಾ ಹಿಂಗ ಆಗತೈತೇನ್ರಿ?"

"ದಿನಾ ಆಗತೈತ್ರಿ ಅಕ್ಕೋರ," ಎಂದಳು ತಾಯಿ. "ಅದಕ್ಕ ಒಬ್ಬರು ಬಾಜೂಕ ಕುಂತಿರತೇವ್ರಿ."

ಇನ್ನು ಮೇಲೆ ಓಢಣಿ ಕಟ್ಟುವುದು ಬೇಡ ಎಂದು ಹೇಳಿದೆ. ಹಾಗಾದರೆ ಏನು ಮಾಡಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಹೊರಡುವಾಗ ಹುಡುಗಿ ಕರೆದಳು. "ಅಕ್ಕೋರ, ಮಾರ್ಚ್‌ನ್ಯಾಗ ಏಳನೇತ್ತೆ ಪರೀಕ್ಷಾ ಐತಲ್ರಿ, ಅದನ್ನ ನಾನ ಬರೀಬೇಕ್ರಿ. ನನ್ನ ಕೈಲೆ."

ಶಾಲೆಗೆ ಹೋಗಿ ಹೆಡ್‌ಮಾಸ್ತರರಿಗೆ ಇದನ್ನು ಹೇಳಿದೆ. ಒಳ್ಳೆಯ ಮನುಷ್ಯ. "ಯಾಕ ಮೈ ದಣಸ್ಕೋತಾಳ್ರಿ ಪಾಪ? ಬರಿಯಾಕ ಒಬ್ಬರನ್ನ ಕೊಡೋಣು. ಆಕಿ ಹೇಳ್ಲಿ, ಅವರು ಬರೀಲಿ," ಎಂದರು. ಅದು ಸರಿಯಾದ ದಾರಿಯೇ. ಎಷ್ಟೋ ಮಕ್ಕಳಿಗೆ ಅದೊಂದೇ ದಾರಿ. ಆದರೆ ಈ ಹುಡುಗಿಯ ಬಲಗೈ ಪೆನ್ಸಿಲ್ ಹಿಡಿಯಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಬೀಳದಂತೆ ಮೈಯನ್ನು ಹಿಡಿದುಕೊಳ್ಳುವುದರಲ್ಲೇ ಆ ಕೈಯ ಕಸುವು ಹೋಗುತ್ತಿತ್ತು. ಮೈಯನ್ನು ಬೇರೇನಾದರೂ ಹಿಡಿದುಕೊಂಡರೆ ಕೈ ಬಿಡುವಾಗುತ್ತದೆ ಎಂದುಕೊಂಡೆ.

ಗಾಲಿಕುರ್ಚಿ ದೊಡ್ಡವರ ಅಳತೆಯದು. ಅದರಲ್ಲಿ ಅವಳಂಥ ಇಬ್ಬರು ಕೂರಬಹುದಿತ್ತು. ಕೈಪಿಡಿಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕಟ್ಟಿಗೆಯ ಕುರ್ಚಿಯ ಚಿತ್ರವಿತ್ತು. ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಕಡೆ ಮೈ ಲಂಬಕೋನದಲ್ಲಿ ಮಡಚಿರಬೇಕು, ಬೆನ್ನ ಹಲಗೆ ಭುಜದವರೆಗೆ ಇರಬೇಕು ಎಂದು ಬರೆದಿತ್ತು. ಮುಂದಿನ ಬುಧವಾರ ಅಳತೆ ತೆಗೆದುಕೊಂಡೆವು. ತಾಯಿಯ ಕೈಯಲ್ಲಿ ಟೇಪು ನನಗಿಂತ ಚುರುಕು. ಕುಂಡೆಯ ಹಿಂಬದಿಯಿಂದ ಮೊಣಕಾಲಿನ ಮಡಿಕೆಯವರೆಗೆ ಹನ್ನೆರಡು ಇಂಚು, ಮಡಿಕೆಯಿಂದ ಹಿಮ್ಮಡಿಗೆ ಹನ್ನೊಂದೂವರೆ. ಬಟ್ಟೆಗೆ ಸೇರಿಸುವಂತೆ ಅರ್ಧ ಇಂಚು ಸಡಿಲು ಬಿಡಲೇ ಎಂದು ಕೇಳಿದಳು. ಬೇಡ, ಇದು ಮೈಗೆ ಅಂಟಿಕೊಂಡಿರಬೇಕು ಎಂದೆ.

ಕುರ್ಚಿ ಮಾಡಿದವನು ಬೈಲಹೊಂಗಲದ ಒಬ್ಬ ಬಡಿಗ. ವಯಸ್ಸಾದವನು. ಕಾಕಾ ಎನ್ನುತ್ತಿದ್ದೆ. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಬಂಡಿ ಮಾಡೇನಿ, ಬಾಗಲಾ ಮಾಡೇನಿ, ತೊಟ್ಟಲಾ ಮಾಡೇನಿ. ಒಬ್ಬರ ಮೈಗೆ ಅಳತಿ ಹಿಡದ ಮಾಡೂದು ಇದ ಮೊದಲ ನೋಡವಾ," ಎಂದ. ಹುಡುಗಿಯನ್ನು ಒಮ್ಮೆ ನೋಡಬೇಕು ಎಂದೂ ಹೇಳಿದ. ಅಳತೆ ಇದೆಯಲ್ಲ, ಸಾಕು ಎಂದೆ. ಅದು ನನ್ನ ಮೊದಲ ತಪ್ಪು.

ಹದಿನೈದು ದಿನಕ್ಕೆ ಕುರ್ಚಿ ಬಂತು. ಬೇವಿನ ಕಟ್ಟಿಗೆ, ಎತ್ತರದ ಕಾಲುಗಳು, ಪಾದ ಊರಲು ನಡುವೆ ಒಂದು ಹಲಗೆ, ಮೇಲೆ ನುಣ್ಣನೆಯ ಕೆಂಪು ರೆಕ್ಸಿನ್. ಓಣಿಯ ಮಂದಿ ಬಂದು ನೋಡಿ ಹೋದರು. ಹುಡುಗಿ ಕುಳಿತಳು. ಚಿತ್ರದಲ್ಲಿದ್ದಂತೆಯೇ ಕುಳಿತಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಕಾಲ್ಬೆರಳು ಕೆಳಮುಖವಾಗಿ ಸೆಟೆಯುತ್ತಿದ್ದುದು ಕಾಣಲೇ ಇಲ್ಲ. ದಿನಕ್ಕೆ ಒಂದು ತಾಸು ಕೂರಿಸಿ ಎಂದು ಹೇಳಿ ಬಸ್ಸು ಹಿಡಿದೆ.

ಮುಂದಿನ ಬುಧವಾರ ಬಾಗಿಲಲ್ಲೇ ದಾದಿ ನಿಂತಿದ್ದಳು.

"ಒಳಗ ಬಂದ ನೋಡ್ರಿ ಏನ ಮಾಡೀರಂತ."

ಬೆನ್ನಿನ ಬುಡದ ಎಲುಬಿನ ಮೇಲೆ ಎಂಟಾಣೆ ಅಗಲ ಚರ್ಮ ಕಿತ್ತಿತ್ತು. ಬೆನ್ನಿಗೆ ಹಲಗೆ ತಾಗಿದ ಕೂಡಲೇ ಅವಳ ಮೈಯೆಲ್ಲ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತಿತ್ತು; ನುಣುಪಾದ ರೆಕ್ಸಿನ್ನಿನ ಮೇಲೆ ಕುಂಡೆ ಜಾರುತ್ತಿತ್ತು; ತಾಯಿ ಮತ್ತೆ ಮೇಲಕ್ಕೆ ಎಳೆದು ಕೂರಿಸುತ್ತಿದ್ದಳು. ಒಂದು ತಾಸಿನಲ್ಲಿ ಇಪ್ಪತ್ತು ಸಲವಾದರೂ ಹೀಗೆ ನಡೆದಿರಬೇಕು. ನಾನು ಹೇಳಿದ್ದೆನೆಂದು ಹುಡುಗಿ ಬಾಯಿ ಬಿಡದೆ ಕುಳಿತಿದ್ದಳು.

"ಹನ್ನೆರಡ ವರ್ಷ ಆತ್ರಿ, ಇಕಿ ಮೈಮ್ಯಾಲ ಒಂದ ಗೀರ ಬೀಳಾಕ ಬಿಟ್ಟಿಲ್ಲ ನಾ," ಎಂದಳು ದಾದಿ. ಆಕೆಯ ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನೀವು ಸಾಲಿ ಕಲತೋರು. ನಾ ಏನ ಹೇಳ್ಲಿ? ಇದನ್ನ ತಗೊಂಡ ಹೋಗ್ರಿ."

ಬಸ್ಸಿನಲ್ಲಿ ಬರುವಾಗ ಈ ಮನೆಗೆ ಬೇರೆ ಯಾರನ್ನಾದರೂ ಕಳಿಸಿ ಎಂದು ಮೇಲಿನವರಿಗೆ ಬರೆದು ಕೊಡೋಣವೇ ಎಂದು ಯೋಚಿಸಿದೆ. ಆದರೆ ಬೇರೆ ಯಾರೂ ಇರಲಿಲ್ಲ. ತಿಂಗಳ ವರದಿಯಲ್ಲಿ 'ಕುರ್ಚಿ ಒದಗಿಸಲಾಗಿದೆ' ಎಂದು ಬರೆಯಬೇಕಾದ ಕಡೆ 'ಕುರ್ಚಿ ಹೊಂದಲಿಲ್ಲ, ಮಗುವಿಗೆ ಗಾಯವಾಗಿದೆ' ಎಂದು ಬರೆದೆ. ಬರೆದ ಮೇಲೆ ಸ್ವಲ್ಪ ಹಗುರಾಯಿತು.

ಗಾಯ ಮಾಯುವವರೆಗೆ ಕೂರಿಸುವ ಮಾತೇ ಇರಲಿಲ್ಲ. ನಾನು ಬುಧವಾರ ತಪ್ಪಿಸಲಿಲ್ಲ. ದಾದಿ ಮಾತಾಡುತ್ತಿರಲಿಲ್ಲ, ಚಹಾವನ್ನೂ ತಾಯಿಯೇ ತಂದಿಡುತ್ತಿದ್ದಳು. ಹುಡುಗಿ ಹೊಟ್ಟೆಯ ಮೇಲೆ ಮಲಗಿ, ಎದೆಯ ಕೆಳಗೆ ದಿಂಬಿಟ್ಟುಕೊಂಡು ಬಾಯಿಲೆಕ್ಕ ಮಾಡುತ್ತಿದ್ದಳು. ಬರೆಯುವ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ನಾಲ್ಕನೆಯ ಬುಧವಾರ ನಾನು ಹೋಗುವ ಹೊತ್ತಿಗೆ ಮನೆಯೊಳಗೆ ಯಾರೂ ಕಾಣಲಿಲ್ಲ. ಹಿತ್ತಲಿಂದ ದನಿ ಕೇಳಿತು. ಒಮ್ಮೆಲೇ ಮಳೆ ಹನಿ ಶುರುವಾಗಿ, ತಾಯಿ ಹೊಲಿದು ತೊಳೆದು ಹಾಕಿದ್ದ ಬಟ್ಟೆಗಳನ್ನು ಹಗ್ಗದಿಂದ ತೆಗೆಯುವ ಗಡಿಬಿಡಿ ನಡೆದಿತ್ತು. ದಾದಿ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಹಗ್ಗದುದ್ದಕ್ಕೂ ನಡೆಯುತ್ತಿದ್ದಳು. ದಾದಿಯ ಒಂದು ಕೈ ಮೊಮ್ಮಗಳ ಟೊಂಕದ ಹಿಂದೆ, ಇನ್ನೊಂದು ಕೈಯಲ್ಲಿ ಬುಟ್ಟಿ. ಬಟ್ಟೆ ಎಳೆಯುತ್ತಿದ್ದವಳು ಹುಡುಗಿ.

ನಾನು ನಿಂತುಬಿಟ್ಟೆ. ಅವಳ ಎರಡೂ ಕೈ ಮೇಲಿದ್ದವು. ಬೆರಳು ಬಿಚ್ಚಿದ್ದವು. ತಲೆ ನೆಟ್ಟಗಿತ್ತು, ಬೆನ್ನು ನೆಟ್ಟಗಿತ್ತು. ಕತ್ತರಿಯಂತೆ ಏರುತ್ತಿದ್ದ ಕಾಲುಗಳು ದಾದಿಯ ಸೊಂಟದ ಆಚೆಗೊಂದು ಈಚೆಗೊಂದು ಮಡಚಿಕೊಂಡು ಸುಮ್ಮನಿದ್ದವು. ಎಲ್ಲೂ ಸೆಟೆತವಿಲ್ಲ.

"ದಾದಿ, ಹಂಗ ನಿಂದರ್ರಿ! ಅಳ್ಳಾಡಬ್ಯಾಡ್ರಿ!" ಎಂದು ಕೂಗಿದೆ.

"ಮಳ್ಯಾಗ ನಿಂದ್ರಿಸಿ ಏನ ನೋಡ್ತೀರವಾ?" ಎಂದಳು ದಾದಿ. ತಿಂಗಳಾದ ಮೇಲೆ ಆಕೆ ನನಗೆ ಆಡಿದ ಮೊದಲ ಮಾತು.

ಒಳಗೆ ಬಂದ ಮೇಲೆ ಸಮಾಧಾನವಾಗಿ ವಿವರಿಸಿದೆ. ಕಾಲು ಅಗಲವಾಗಿ, ಮೊಣಕಾಲು ಮಡಚಿದ್ದಾಗ ಇವಳ ಮೈಯ ಬಿಗಿ ಬಿಡುತ್ತದೆ. ಬೆನ್ನಿಗೆ ಉದ್ದ ಹಲಗೆ ಬೇಕಾಗಿಯೇ ಇಲ್ಲ. ನಿಮ್ಮ ಅಂಗೈ ಇರುವಷ್ಟು ಎತ್ತರಕ್ಕೆ, ಟೊಂಕಕ್ಕೆ ಮಾತ್ರ ಆಸರೆ ಸಾಕು. ನನ್ನ ಪುಸ್ತಕದಲ್ಲೂ ಒಂದು ಮೂಲೆಯಲ್ಲಿ ಲೋಡಿನ ಮೇಲೆ ಕುದುರೆ ಹತ್ತಿದಂತೆ ಕುಳಿತ ಮಗುವಿನ ಚಿತ್ರವಿದೆ, ಅದು ಚಿಕ್ಕ ಮಕ್ಕಳ ಆಟಕ್ಕೆಂದು ತಿಳಿದು ಬಿಟ್ಟುಬಿಟ್ಟಿದ್ದೆ. ಕುರ್ಚಿಯ ಹಂಬಲ ಬಿಡೋಣ. ನಿಮ್ಮ ಸೊಂಟದಂಥದೇ ಒಂದನ್ನು ಕಟ್ಟಿಗೆಯಲ್ಲಿ ಮಾಡಿಸುತ್ತೇನೆ.

ದಾದಿ ಮೊಮ್ಮಗಳ ಒದ್ದೆ ತಲೆ ಒರೆಸಿದಳು. ಗಾಯದ ವಿಷಯ ಎತ್ತುತ್ತಾಳೆ ಎಂದುಕೊಂಡೆ. ಆಕೆಯ ಚಿಂತೆ ಬೇರೆ ಇತ್ತು.

"ದೊಡ್ಡಾಕಿ ಆಗಾಕ ಬಂದಾಳ್ರಿ. ಹೆಣ್ಣ ಹುಡುಗಿ ಹಿಂಗ ಕಾಲ ಅಗಲಿಸಿ ಕುಂತ್ರ, ಬಂದ ಮಂದಿ ಏನಂತಾರ?"

ತಾಯಿಯೂ ತಲೆ ತಗ್ಗಿಸಿದಳು. ಹುಡುಗಿಯೇ ಹೇಳಿದಳು, ತನ್ನ ನಿಧಾನದ ಮಾತಿನಲ್ಲಿ.

"ದಾದಿ, ನಿನ್ನ ಟೊಂಕದ ಮ್ಯಾಲ ಇಡೀ ಊರ ತಿರಗ್ಯಾಡೇನಿ. ಆವಾಗ ಯಾರ ಏನಂದ್ರು?"

"ಅದ ಬ್ಯಾರೆ. ಅದ ನಾನು."

"ನೀ ದಿನಾ ನನ್ನ ಹೊತ್ತಗೊಂಡ ಪರೀಕ್ಷಾದಾಗ ನಿಂದರ್ತೀ ಏನ?"

ದಾದಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ತಾಯಿ ಮೆಲ್ಲಗೆ, "ಅಗಲ ಘೇರಿನ ಸಲವಾರ ಹೊಲೀತೇನಿ ಅತ್ತಿ. ಮುಂದ ಮೇಜ ಬರತೈತಿ. ಏನೂ ಕಾಣಂಗಿಲ್ಲ," ಎಂದಳು. ದಾದಿ ಎದ್ದು ಚಹಾಕ್ಕೆ ನೀರಿಟ್ಟಳು. ಆ ಮನೆಯಲ್ಲಿ ಅದು ಒಪ್ಪಿಗೆ.

ಈ ಸಲ ಬಡಿಗ ಕಾಕಾನನ್ನು ಹುಡುಗಿಯ ತಂದೆಯ ಟೆಂಪೋದಲ್ಲಿ ಕೂರಿಸಿಕೊಂಡೇ ಚಚಡಿಗೆ ಕರೆದುಕೊಂಡು ಬಂದೆ. ಆತ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತ. ಒಳಗೆ ದಾದಿ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ನಿಂತಳು. ತಾಯಿ ಟೇಪು ಹಿಡಿದಳು. ನಾನು ಗಟ್ಟಿಯಾಗಿ ಹೇಳಿದೆ, ಕಾಕಾ ಹೊರಗೆ ಬರೆದುಕೊಂಡ. ಮೊಣಕಾಲಿನಿಂದ ಮೊಣಕಾಲಿಗೆ ಒಂಬತ್ತು ಇಂಚು. ದಾದಿಯ ಅಂಗೈ ತಾಗುವ ಜಾಗ ಕುಂಡೆಯಿಂದ ನಾಲ್ಕೂವರೆ ಇಂಚು ಮೇಲೆ.

"ನನ್ನ ಸೊಂಟ ಅಳತಿ ಮಾಡೂ ದಿನಾ ಬರತೈತಂತ ಅಂದಕೊಂಡಿರಲಿಲ್ಲ," ಎಂದು ದಾದಿ ಗೊಣಗಿದಳು.

ಆಮೇಲೆ ಹುಡುಗಿಯನ್ನು ಗಾದಿಯ ಮೇಲೆ ಕೂರಿಸಿ ಕಾಕಾನನ್ನು ಒಳಗೆ ಕರೆದೆವು. ಆತ ದೂರದಲ್ಲೇ ಕುಳಿತು ಅವಳ ಹತ್ತಿರ ಮಾತಾಡಿದ. ಎಲ್ಲಿ ಒತ್ತುತ್ತದೆ, ಯಾವ ಕಡೆ ಬೀಳುವ ಅಂಜಿಕೆ, ಯಾವ ಕೈ ಬಲ. ನಾನು ಕೇಳದೇ ಇದ್ದ ಪ್ರಶ್ನೆಗಳು. "ಎತ್ತರ ಕುರ್ಚಿ ಮ್ಯಾಲ ಅಂಜಿಕಿ ಬರತಿತ್ರಿ ಅಜ್ಜಾ. ಎಲ್ಲಾರೂ ನೆಲದ ಮ್ಯಾಲ ಇರತಾರ, ನಾ ಒಬ್ಬಾಕಿನ ಮ್ಯಾಲ," ಎಂದಳು. ಕುರ್ಚಿಯಲ್ಲಿ ಅವಳು ಸೆಟೆಯುತ್ತಿದ್ದುದಕ್ಕೆ ಅದೂ ಒಂದು ಕಾರಣವೆಂದು ನನಗೆ ಆಗ ಹೊಳೆಯಿತು.

ಕಾಕಾ ಮಾಡಿದ್ದು ಹೀಗೆ. ಎರಡು ದುಂಡು ಹಲಗೆ, ಅವುಗಳ ಸುತ್ತ ತೆಳ್ಳನೆಯ ಪಟ್ಟಿಗಳನ್ನು ಒತ್ತೊತ್ತಾಗಿ ಬಡಿದು ಒಳಗೆ ಪೊಳ್ಳಾದ, ಅಡ್ಡ ಮಲಗಿಸಿದ ಡೋಲಿನಂಥ ಆಕಾರ. ಪೊಳ್ಳಾದ್ದರಿಂದ ಒಬ್ಬರೇ ಎತ್ತಬಹುದು. ತೊಡೆ ತಾಗುವ ಮೇಲ್ಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದ. ಕೆಳಗೆ ಅಗಲವಾದ ಅಡಿಗಟ್ಟು, ಹಿಂದೆ ಟೊಂಕದೆತ್ತರದ ಒಂದು ಗಿಡ್ಡ ಹಲಗೆ. ಒಟ್ಟು ಎತ್ತರ ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿಯವರೆಗಿನ ಹನ್ನೊಂದೂವರೆ ಇಂಚೇ, ಪಾದ ನೆಲಕ್ಕೆ ಪೂರ್ತಿ ಊರಬೇಕೆಂದು. ರೆಕ್ಸಿನ್ ಬೇಡವೆಂದೆ. ಹತ್ತಿಯ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ದಪ್ಪ ಖಾದಿ. ಒರಟಿದ್ದರೆ ಜಾರುವುದಿಲ್ಲ, ಬೆವರೂ ಹೀರುತ್ತದೆ. ತಾಯಿ ಹೊಲಿದಳು.

ಮೊದಲ ದಿನ ಐದು ನಿಮಿಷ. ಇಳಿಸಿ ಚರ್ಮ ನೋಡಿದೆವು. ಕೆಂಪು ಇತ್ತು; ಅರ್ಧ ತಾಸಿನೊಳಗೆ ಹೋಯಿತು. ಹೋಗದಿದ್ದರೆ ಮರುದಿನ ಕೂರಿಸಬೇಡಿ ಎಂದು ಹೇಳಿದೆ. ನೋಡುವ ಕೆಲಸ ದಾದಿಗೆ ಕೊಟ್ಟೆ. ಎರಡನೆಯ ದಿನ ಐದು, ಮೂರನೆಯ ದಿನ ಎಂಟು. ಹುಡುಗಿ ನೆಲದ ಮೇಲೆ ಕುಳಿತ ದಾದಿಯ ಮುಖವನ್ನು ಸರಿಸಮನಾಗಿ ನೋಡುತ್ತ ಕೂರುತ್ತಿದ್ದಳು. ಹತ್ತು ದಿನ ಚೆನ್ನಾಗಿ ನಡೆದು, ಹನ್ನೊಂದನೆಯ ದಿನದಿಂದ ಹಿಂದಕ್ಕೆ ವಾಲತೊಡಗಿದಳು. ಬುಧವಾರ ಹೋಗಿ ಟೇಪು ಹಿಡಿದರೆ ಹತ್ತಿ ಅಮುಕಿ ಒಂದು ಇಂಚು ತಗ್ಗಿತ್ತು. ಮೊಣಕಾಲು ಮೇಲೆ ಬಂದು ಟೊಂಕ ಹಿಂದಕ್ಕೆ ಬಿದ್ದಿತ್ತು. ತಾಯಿ ಬಿಚ್ಚಿ, ಗಾದಿಗೆ ತುಂಬುವಂತೆ ಬಿಗಿಯಾಗಿ ಹತ್ತಿ ತುಂಬಿ ಮತ್ತೆ ಹೊಲಿದಳು.

ಕಾಕಾನೇ ಮಾಡಿದ ಗಿಡ್ಡ ಮೇಜಿಗೆ ಮುಂದೆ ಅರ್ಧಚಂದ್ರದ ಹಾಗೆ ಕೊರೆದ ಜಾಗ, ಎರಡೂ ಮೊಣಕೈಗೆ ಆಸರೆ. ಸಪಾಟಾದ ಮೇಜಿನ ಮೇಲೆ ತಲೆ ಬಗ್ಗಿ ಬಗ್ಗಿ ಕೊನೆಗೆ ಹಣೆ ಕಾಗದಕ್ಕೆ ತಾಗುತ್ತಿತ್ತು. ಹಿಂದಿನ ತುದಿಗೆ ಮೂರಿಂಚಿನ ಕಟ್ಟಿಗೆ ಕೊಟ್ಟು ಇಳಿಜಾರು ಮಾಡಿದೆವು. ಕಾಗದವೇ ಮುಖಕ್ಕೆ ಎದ್ದು ಬಂತು. ಎಡಗೈ ಸುಮ್ಮನಿರದೆ ಮೇಲೆ ಹಾರುತ್ತಿತ್ತು, ಅದು ಹಾರಿದರೆ ಬಲಗೈಯ ಅಕ್ಷರ ಕೆಡುತ್ತಿತ್ತು. ಕಾಕಾ ಮೇಜಿನ ಎಡಕ್ಕೆ ಒಂದು ಗೂಟ ಬಡಿದ. "ಎತ್ತಿಗೊಂದ ಗೂಟಾ ಇದ್ದಂಗ ಕೈಗೊಂದ ಗೂಟಾ," ಎಂದ. ಎಡಗೈ ಅದನ್ನು ಹಿಡಿದು ನಿಂತಿತು. ಪೆನ್ಸಿಲ್ಲಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ತುಂಡು ತೊಡಿಸಿದೆವು.

ಇಷ್ಟೆಲ್ಲ ಆದರೂ ಒಂದು ಒಗಟು ಉಳಿದಿತ್ತು. ನಾನು ಹೇಳಿ ಬರೆಸಿದಾಗ ಅವಳು ಚೆನ್ನಾಗಿ ಬರೆಯುತ್ತಿದ್ದಳು. ರೇಡಿಯೋ ಕೇಳುತ್ತ ಬರೆಯುವಾಗ ಬಲಗೈ ಮಡಚಿಕೊಂಡು ಭುಜಕ್ಕೆ ಏರುತ್ತಿತ್ತು. ಎರಡು ವಾರ ಪಾಠದ ವೇಗವೇ ಕಾರಣವೆಂದು ತಿಳಿದಿದ್ದೆ. ಒಂದು ದಿನ ಅವಳ ಬೆನ್ನ ಹಿಂದೆ ಕುಳಿತು ನೋಡಿದಾಗ ತಿಳಿಯಿತು: ರೇಡಿಯೋ ಇದ್ದ ಗೂಡು ಎಡಗೋಡೆಯಲ್ಲಿತ್ತು. ದನಿ ಬಂದ ಕಡೆ ಅವಳ ತಲೆ ತಿರುಗುತ್ತಿತ್ತು. ತಲೆ ಎಡಕ್ಕೆ ತಿರುಗಿದರೆ ಅವಳ ಬಲಗೈ ತಾನಾಗಿ ಮಡಚುತ್ತಿತ್ತು. ರೇಡಿಯೋವನ್ನು ತೆಗೆದು ಅವಳೆದುರು ನೆಟ್ಟಗೆ, ಹೊಲಿಗೆ ಯಂತ್ರದ ಮೇಲೆ ಇಟ್ಟೆ. ಕೈ ಇಳಿಯಿತು. ಅಂದಿನಿಂದ ಪಾಠದ ಹೊತ್ತಿನಲ್ಲಿ ತಾಯಿ ಹೊಲಿಗೆ ನಿಲ್ಲಿಸಿದಳು. ದಾದಿ ಎಂದಿನಂತೆ ಪಕ್ಕದಲ್ಲಿ ಕುಳಿತು ಕಾಳು ಆರಿಸುತ್ತ ಕೇಳುತ್ತಿದ್ದಳು.

ಡಿಸೆಂಬರಿಗೆ ಒಂದು ತಾಸು ಮುಟ್ಟಿದೆವು. ಆಮೇಲೆ ಚಳಿ ಬಂತು. ಚಳಿಗೆ ಅವಳ ಮೈ ಮತ್ತೆ ಬಿಗಿಯಿತು. ಒಂದು ತಾಸು ಇದ್ದದ್ದು ನಲವತ್ತು ನಿಮಿಷಕ್ಕೆ, ಅಲ್ಲಿಂದ ಇಪ್ಪತ್ತೈದಕ್ಕೆ ಇಳಿಯಿತು. ಜನವರಿಯ ಒಂದು ಬುಧವಾರ ನಾನೇ ಅಂದೆ, "ಬರಿಯೋರನ್ನ ಕೇಳೋಣೇನವಾ? ಅದರಾಗೇನೂ ಸಣ್ಣತನ ಇಲ್ಲ."

ಹುಡುಗಿ ನನ್ನನ್ನು ದಿಟ್ಟಿಸಿ ನೋಡಿದಳು. "ಚಳಿ ಮಾರ್ಚ್‌ತನಕಾ ಇರತೈತೇನ್ರಿ?"

ಇರುವುದಿಲ್ಲ ಎಂದೆ. "ಮತ್ತ?" ಎಂದಳು.

ಲೆಕ್ಕ ಬದಲಿಸಿದೆವು. ಪರೀಕ್ಷೆಯ ಎರಡು ತಾಸನ್ನೂ ಒಂದೇ ಸಲ ಕೂರುವ ಹಟ ಬಿಟ್ಟು, ನಲವತ್ತು ನಿಮಿಷಕ್ಕೊಮ್ಮೆ ಇಳಿಸಿ ಐದು ನಿಮಿಷ ಬೋರಲು ಮಲಗಿಸಿ ಮತ್ತೆ ಕೂರಿಸುವುದು. ಬೆಳಿಗ್ಗೆ ಬಿಸಿ ನೀರಿನ ಅರಿವೆಯಿಂದ ತೊಡೆಗೆ ಕಾವು ಕೊಡುವುದು. ಫೆಬ್ರವರಿ ಕೊನೆಗೆ ಮಧ್ಯೆ ಎರಡು ಬಿಡುವು ಕೊಟ್ಟು ಎರಡು ತಾಸಿನ ಮೇಲೆ ಕುಳಿತಳು. ಹೆಡ್‌ಮಾಸ್ತರರು ಬಂದು ನೋಡಿದರು. ಅವಳ ಬರಹವನ್ನು ಕಣ್ಣ ಹತ್ತಿರ ಹಿಡಿದು ಓದಿದರು. "ಅಕ್ಷರ ದೊಡ್ಡವು ಅದಾವು, ಓದಾಕ ಬರತಾವು. ಆತು, ಪಡಸಾಲಿಯೊಳಗ ಜಾಗಾ ಮಾಡಸ್ತೇನಿ," ಎಂದರು. ಪರೀಕ್ಷೆಯ ಮೇಲ್ವಿಚಾರಣೆಗೆ ಬರುವ ಶಿಕ್ಷಕಿಗೆ ಹುಡುಗಿಯನ್ನು ಇಳಿಸಿ ಹತ್ತಿಸುವುದನ್ನು ಹಿಂದಿನ ದಿನ ನಾನು ಕಲಿಸಿದೆ. ಮನೆಯವರಿಗೂ ನನಗೂ ಒಳಗೆ ಪ್ರವೇಶವಿರಲಿಲ್ಲ.

ಮೊದಲ ದಿನ ಕನ್ನಡ. ಟೆಂಪೋದಲ್ಲಿ ಹುಡುಗಿ, ದಾದಿ, ಡೋಲು, ಮೇಜು ಎಲ್ಲವೂ ಬಂದವು. ನಾವು ಗೇಟಿನ ಹೊರಗೆ ಗಿಡದ ನೆರಳಿನಲ್ಲಿ ಕುಳಿತೆವು. ಗಂಟೆ ಬಾರಿಸಿದ ಮೇಲೆ ಒಳಗೆ ಹೋದರೆ ಹುಡುಗಿಯ ತುಟಿ ಬಿಳಿಚಿತ್ತು. ಕೊನೆಯ ನಾಲ್ಕು ಪ್ರಶ್ನೆ ಬಿಟ್ಟಿದ್ದಳು. "ಬರತಿತ್ರಿ. ಎಲ್ಲಾ ಬರತಿತ್ತು. ಕೈನ ಬರಲಿಲ್ಲ," ಎಂದು ಗೂಟವನ್ನು ಗುದ್ದಿದಳು. ಅವಳನ್ನು ಮನೆಗೆ ಮುಟ್ಟಿಸಿದೆವು.

ಮನೆಯಲ್ಲಿ ಆಗುವುದು ಶಾಲೆಯಲ್ಲಿ ಯಾಕೆ ಆಗಲಿಲ್ಲ? ನಾನು ಶಾಲೆಗೆ ಹಿಂತಿರುಗಿ, ಪಡಸಾಲೆಯಲ್ಲಿ ಅವಳು ಕುಳಿತ ಜಾಗದಲ್ಲಿ ಮೊಣಕಾಲೂರಿ ಅಂಗೈ ಆಡಿಸಿದೆ. ನೆಲ ಅಂಗಳದ ಕಡೆಗೆ ಇಳಿಜಾರಿತ್ತು, ಮಳೆ ನೀರು ಹೋಗಲೆಂದು. ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಲೋಟ ನೀರು ಚೆಲ್ಲಿ ನೋಡಿದೆ. ಅವಳ ಬೆನ್ನಿದ್ದ ಕಡೆಯಿಂದ ಎದೆಯಿದ್ದ ಕಡೆಗೆ ಹರಿಯಿತು. ಎರಡು ತಾಸು ಅವಳು ಮುಂದಕ್ಕೆ ಬೀಳದಂತೆ ತನ್ನನ್ನು ತಾನೇ ಹಿಡಿದುಕೊಂಡಿದ್ದಳು. ಡೋಲಿನ ಅಡಿಗಟ್ಟಿನ ಮುಂಬದಿಗೂ ಮೇಜಿನ ಕಾಲಿಗೂ ರಟ್ಟು ಮಡಚಿ ಕೊಟ್ಟು, ಮತ್ತೆ ನೀರಿನ ಲೋಟವನ್ನು ಮೇಲಿಟ್ಟು ಮಟ್ಟ ನೋಡಿದೆ. ಡೋಲು, ಮೇಜು ಎರಡನ್ನೂ ಮನೆಗೆ ಒಯ್ಯದೆ ಅಲ್ಲಿಯೇ ಬಿಟ್ಟೆವು. ಅವುಗಳ ಸುತ್ತ ಸುಣ್ಣದಿಂದ ಗೆರೆ ಎಳೆದೆ, ಯಾರೂ ಸರಿಸಬಾರದೆಂದು.

ಎರಡನೆಯ ದಿನ ಬಿಟ್ಟಿದ್ದು ಒಂದೂವರೆ ಪ್ರಶ್ನೆ. ಮೂರನೆಯ ದಿನ ಗಣಿತ. ಲೆಕ್ಕಗಳನ್ನೆಲ್ಲ ಮಾಡಿದ್ದಳು, ಕೊನೆಯ ರೇಖಾಚಿತ್ರ ಮಾತ್ರ ಸೊಟ್ಟಗಾಗಿತ್ತು. ನಾಲ್ಕನೆಯ ದಿನ ವಿಜ್ಞಾನ.

ಅಂದು ಗಂಟೆ ಬಾರಿಸಿದಾಗ ದಾದಿ ನನಗಿಂತ ಮೊದಲು ಒಳಗೆ ನಡೆದಳು. ಮೇಲ್ವಿಚಾರಣೆಯ ಶಿಕ್ಷಕಿ ಉತ್ತರಪತ್ರಿಕೆ ತೆಗೆದುಕೊಂಡು ಹೋಗಿದ್ದಳು. ಹುಡುಗಿ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕುಳಿತಿದ್ದಳು. ಮುಖ ಸಪ್ಪಗಿತ್ತು.

"ಎಷ್ಟ ಬಿಟ್ಟಿ?" ಎಂದೆ.

"ಒಂದ."

"ಕೈ ನೋಯ್ತೇನು? ಮಟ್ಟ ತಪ್ಪಿತ್ತೇನು?" ಎಂದು ನಾನು ಆಗಲೇ ಬಗ್ಗಿ ರಟ್ಟು ನೋಡತೊಡಗಿದ್ದೆ.

"ಇಲ್ರಿ ಅಕ್ಕೋರ. ಕೈ ಚಲೋನ ಇತ್ತು." ನಾಚಿಕೊಂಡು ಹೇಳಿದಳು, "ನನಗ ಉತ್ತರ ಗೊತ್ತಿರಲಿಲ್ಲ."

"ಯಾವ ಪ್ರಶ್ನಿ?"

"ಇಬ್ಬನಿ ಹೆಂಗ ಆಗತೈತಿ ಅಂತ."

ಅವಳನ್ನು ಎತ್ತಲು ಕೈ ಚಾಚಿದ್ದ ದಾದಿ ಕೈ ಹಿಂದೆಗೆದಳು. ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಗೊತ್ತಿರಲಿಲ್ಲಾ? ರೇಡಿಯೋದಾಗ ಎರಡ ಸಲ ಹೇಳಿದ್ರಲ್ಲ! ರಾತ್ರಿ ನೆಲಾ ತಣ್ಣಗ ಆಗತೈತಿ, ಗಾಳಿಯೊಳಗಿನ ನೀರ ಅದಕ್ಕ ತಾಗಿ ಹನಿ ಕಟ್ಟತೈತಿ ಅಂತ. ನಾ ಕಾಳ ಆರಸೂವಾಗ ಕೇಳೇನಿ. ನಿನ್ನ ಧ್ಯಾನ ಎಲ್ಲಿತ್ತು?"

ಪರೀಕ್ಷೆ ಮುಗಿಸಿ ಪಡಸಾಲೆಗೆ ಬರುತ್ತಿದ್ದ ಮಕ್ಕಳೆಲ್ಲ ನಿಂತು ನೋಡಿದರು. ಹನ್ನೆರಡು ವರ್ಷ ಹೂವಿನ ಹಾಗೆ ಹೊತ್ತು ತಿರುಗಿದ ಮೊಮ್ಮಗಳನ್ನು ದಾದಿ ಓದಿನ ಸಲುವಾಗಿ ಬೈದದ್ದು ಅದೇ ಮೊದಲು. ಹುಡುಗಿ ತಲೆ ತಗ್ಗಿಸಿ ಬೈಗುಳ ಕೇಳುತ್ತಿದ್ದಳು. ತಗ್ಗಿಸಿದ ತಲೆಯ ಕೆಳಗೆ ಅವಳ ಬೆನ್ನು ನೆಟ್ಟಗೇ ಇತ್ತು.